ಮಗಳಿಗೆ ಕಲಿಸದ ಕೆಂಪು ಚೌಕ

“ಭಾಭಿ, ಅಲ್ಲಿ ಕೆಂಪು ಬರಬೇಕಲ್ಲ?”

ಬಾಗಿಲಾಚೆ ಅಕ್ಕಿ ಆರಿಸುತ್ತಿದ್ದ ಮಗಳು ಅತ್ತಿಗೆಗೆ ಹೀಗೆಂದದ್ದೇ, ಜಮಖಾನದ ಮಗ್ಗದ ಮುಂದೆ ಕೂತಿದ್ದ ತಾಯಿ ಮತ್ತು ಸೊಸೆ ಇಬ್ಬರ ಕೈಗಳೂ ನಿಂತವು.

ನರಗುಂದದ ಆ ಮನೆಗೆ ನಮ್ಮ ಜಮಖಾನ ಒಯ್ಯಲು ಹೋಗಿದ್ದೆ. ಅದಿನ್ನೂ ಮುಗಿದಿರಲಿಲ್ಲ. ರೋಣದ ಬಸ್ಸು ತಪ್ಪಿದರೆ ಮನೆಗೆ ತಿಳಿಸಲು ಎಸ್‌ಟಿಡಿ ಬೂತ್ ಹುಡುಕಬೇಕಲ್ಲ ಎಂದು ಕೂತಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದೆ. ಸ್ವಲ್ಪ ಮೊದಲು ಆ ತಾಯಿ ನನಗೆ ಹೇಳಿದ್ದರು: “ಈ ಕಸಬು ಸೊಸಿಗಷ್ಟ ಕಲಿಸ್ತೀವ್ರಿ. ಮಗಳಿಗೆ ಕಲಿಸಿದ್ರ ಕೊಟ್ಟ ಮನಿಗೆ ಒಯ್ತಾಳ.”

ಈಗ ಅವರು ಬಾಗಿ ನೋಡಿದರು. ಪಗಡೆ ಹಾಸಿನಂಥ ಚೌಕಗಳ ಸಾಲಿನಲ್ಲಿ ಕೆಂಪಿನ ಜಾಗಕ್ಕೆ ಹಳದಿ ಬಂದಿತ್ತು. ಯಾರೂ ಕಲಿಸದೆಯೇ ಮಗಳಿಗೆ ಇಡೀ ವಿನ್ಯಾಸ ಬಾಯಿಪಾಠವಾಗಿತ್ತು. ತಾಯಿ ಬೈಯಲಿಲ್ಲ, ಹೊಗಳಲೂ ಇಲ್ಲ. ಹಳದಿ ಬಿಚ್ಚುವಂತೆ ಸೊಸೆಗೆ ಕಣ್ಸನ್ನೆ ಮಾಡಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು. ಆಚೆ ಮೊರದ ಸದ್ದು ನಿಂತಿತು. ನನಗೆ ಬಸ್ಸಿನ ನೆನಪೇ ಹೋಯಿತು.

ಜಮಖಾನ ಈಗ ನಮ್ಮ ಮನೆಯಲ್ಲಿದೆ. ಬಂದವರು ಅದರ ಮೇಲೆ ಕೂತು ನೇಯ್ದವರ ಕೈಯನ್ನು ಹೊಗಳುತ್ತಾರೆ. ಹಾಸುವಾಗಲೆಲ್ಲ ಆ ಕೆಂಪು ಚೌಕ ಬಾಗಿಲ ಕಡೆಗೆ ಬರುವಂತೆ ಹಾಸುತ್ತೇನೆ. ಬಾಗಿಲು ಮುಚ್ಚಲು ಮನಸ್ಸಾಗುವುದಿಲ್ಲ.