ದಿಬ್ಬದ ಮೇಲಿಂದ ಬಂದ ಕೂಗು

ದೆವ್ವ ಕಂಡೆ ಎಂದವರಿಗೆ ‘ರಾತ್ರಿ ಏನು ಉಂಡಿದ್ದೆ’ ಎಂದು ಕೇಳುವವಳು ನಾನು. ಓದಿದ್ದು ಮೂರನೇ ಇಯತ್ತೆ. ಕಂಡದ್ದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ಇದನ್ನೂ ಹಾಗೆಯೇ ಬರೆಯುತ್ತೇನೆ, ನೀವು ನಂಬಲೇಬೇಕೆಂದಿಲ್ಲ.

ಆಗ ಎಕ್ಕಂಬಿ ಕಡೆಯ ನಾವು ಹೆಂಗಸರು ಬೇಸಿಗೆಯಲ್ಲಿ ಸೀಗೆಕಾಯಿ ಕೊಯ್ಯಲು ಕಾಡಿಗೆ ಹೋಗುತ್ತಿದ್ದೆವು. ಕುಡಿಯುವ ನೀರು ಒಯ್ಯುತ್ತಿರಲಿಲ್ಲ. ಒಯ್ದರೆ ಉಳಿದವರು ನಗುತ್ತಿದ್ದರು. ಹಳ್ಳ ಬತ್ತಿದರೂ ಮರಳು ತೋಡಿದರೆ ಒರತೆ ಸಿಗುತ್ತಿತ್ತು. ತೋಡಿದವರು ಕುಡಿದು, ಗುಂಡಿಗೆ ಸೊಪ್ಪು ಮುಚ್ಚಿ, ಮೇಲೆ ತೆಂಗಿನ ಚಿಪ್ಪು ಇಟ್ಟು ಹೋಗಬೇಕು. ಆಮೇಲೆ ಬಂದವರು ಒಂದು ‘ಕೂ’ ಹಾಕಿ ಕುಡಿಯಬೇಕು. ತೋಡಿದವರು ಹತ್ತಿರದಲ್ಲಿದ್ದರೆ ತಿರುಗಿ ‘ಕೂ’ ಎನ್ನುತ್ತಿದ್ದರು. ಅಷ್ಟೇ ನಮ್ಮ ಉಪಚಾರ.

ಒಂದು ವರ್ಷ ನಾನು, ನಾದಿನಿ ಮಾದೇವಿ, ಇಬ್ಬರೇ ಹೋಗಿದ್ದೆವು. ಮಧ್ಯಾಹ್ನ ಹಳ್ಳಕ್ಕೆ ಇಳಿದರೆ ಮರಳು ಒಲೆ ಮೇಲಿನ ಹಂಚಿನ ಹಾಗೆ ಕಾದಿತ್ತು. ಮೊಣಕೈ ಮುಳುಗುವಷ್ಟು ತೋಡಿದೆವು. ತಿರುವು ತಿರುವಿಗೂ ತೋಡಿದೆವು. ಪಸೆಯೂ ಇಲ್ಲ. ಮಾದೇವಿಯ ತುಟಿ ಬಿಳಿಚಿತು, ಬೆವರು ನಿಂತೇಹೋಯಿತು. ಕೂತವಳು ಏಳಲಿಲ್ಲ.

“ನೀವು ಹೋಗ್ರಿ ಅತ್ತಿಗೆ. ನಾ ನಾಳೆ ಬರ್ತೀನಿ.”

“ಉಳ್ಕೊಳ್ಳಾಕೆ ಇದೇನು ನೆಂಟರ ಮನೀನಾ? ಏಳೇ.”

ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡೇ ಮುಂದಿನ ತಿರುವು ದಾಟಿಸಿದೆ. ಅಲ್ಲಿ ಹಸಿ ಸೊಪ್ಪು ಮುಚ್ಚಿದ ಗುಂಡಿ. ಮೇಲೆ ಚಿಪ್ಪು. ಒಳಗೆ ತಣ್ಣನೆ ನೀರು. ‘ಕೂ’ ಹಾಕಿದೆ. ದಿಬ್ಬದ ಮೇಲಿಂದ ಹೆಂಗಸಿನ ದನಿಯೊಂದು ‘ಕೂ’ ಎಂದು ಓಗೊಟ್ಟಿತು. ಮಾದೇವಿಗೆ ಕುಡಿಸಿ, ತಲೆಗೆ ಹೊಯ್ದು, ಅವಳಿಗೆ ಜೀವ ಬಂದ ಮೇಲೆ ದಿಬ್ಬ ಹತ್ತಿ ನೋಡಿದೆ. ತರಗೆಲೆ ದಪ್ಪಗೆ ಬಿದ್ದಿತ್ತು, ಯಾರೂ ತುಳಿದ ಗುರುತಿಲ್ಲ. ಊರಲ್ಲಿ ಮನೆಮನೆ ಕೇಳಿದೆ. ಆ ದಿನ ಆ ಕಡೆ ಯಾರೂ ಹೋಗಿರಲಿಲ್ಲ. ನನ್ನ ದನಿಯೇ ತಿರುಗಿ ಬಂತು ಎನ್ನೋಣವೆಂದರೆ, ಚಿಪ್ಪು ಇಟ್ಟವರು ಯಾರು?

ಮಾದೇವಿ ಮೊಮ್ಮಕ್ಕಳನ್ನು ಕಂಡು, ಹೋದ ವರ್ಷ ತೀರಿಕೊಂಡಳು. “ಅವಳನ್ನ ಒಂದ್ಸಲ ನೋಡಬೇಕಿತ್ತು ಅತ್ತಿಗೆ” ಎನ್ನುತ್ತಿದ್ದಳು, ಕೊನೆಯವರೆಗೂ.

ಈಗ ಊರ ತುಂಬ ಬೋರು. ಸೀಗೆಕಾಯಿಗೆ ಯಾರೂ ಹೋಗುವುದಿಲ್ಲ, ತಲೆಗೆ ಶಾಂಪೂ ಪಾಕೀಟು ಬಂದಿದೆ. ಮೊನ್ನೆ ಬೇಸಿಗೆಯಲ್ಲಿ ಮೊಮ್ಮಗಳ ಗಾಡಿಯ ಹಿಂದೆ ಕೂತು ಆ ಹಳ್ಳಕ್ಕೆ ಹೋಗಿಬಂದೆ. ಮರಳನ್ನೆಲ್ಲ ಟಿಪ್ಪರಿನವರು ಬಾಚಿಕೊಂಡು ಹೋಗಿ ಬರೀ ಬಂಡೆ ಉಳಿದಿದೆ. ಆದರೂ ಒಂದು ‘ಕೂ’ ಹಾಕಿದೆ.

“ಯಾರನ್ನ ಕರೀತಿ ಅಜ್ಜಿ?” ಎಂದಳು ಮೊಮ್ಮಗಳು.

ಗೊತ್ತಿದ್ದರಲ್ಲವೇ ಹೇಳುವುದು. ಯಾರೂ ಓಗೊಡಲಿಲ್ಲ. ಅವಳು ಯಾರೇ ಆಗಿರಲಿ, ಇದ್ದರೂ ತೋಡಲು ಈಗ ಅಲ್ಲಿ ಮರಳಿಲ್ಲ.