ಕರಗಿ ಗಟ್ಟಿಯಾದ ಬೂತಾಯಿ

ಪಾಣೆಮಂಗಳೂರಿನಲ್ಲಿ ನನ್ನದೊಂದು ಮೀನಿನ ಅಂಗಡಿ. ಅದರ ಎದುರು, ರಸ್ತೆಯ ಬದಿಯಲ್ಲಿ, ಮೊಗವೀರ ಹೆಂಗಸೊಬ್ಬರು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ಮಂಗಳೂರಿನ ಧಕ್ಕೆಯಿಂದ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಬಂದರಿನಿಂದ, ಬೆಳಗಿನ ಬಸ್ಸಿನಲ್ಲಿ ಬರುವವರು. ಅವರ ಬೂತಾಯಿ ಮೀನು ಖಾಲಿಯಾಗುವ ತನಕ ನನ್ನ ಅಂಗಡಿಗೆ ಯಾರೂ ಹತ್ತುತ್ತಿರಲಿಲ್ಲ. ನನಗೆ ಅವರನ್ನು ಕಂಡರಾಗುತ್ತಿರಲಿಲ್ಲ. ಆದರೂ ಬಾಯಲ್ಲಿ 'ಅಕ್ಕ' ಎನ್ನುತ್ತಿದ್ದೆ.

ಒಂದು ವರ್ಷ ಅವರ ಬುಟ್ಟಿಯಲ್ಲಿ ಮೀನು ಕಡಿಮೆಯಾಗುತ್ತ ಬಂತು. ಆಳ ಕಡಲಿನಲ್ಲಿ ವಿದೇಶಿ ಹಡಗುಗಳು ಮರಿಮೀನನ್ನೂ ಬಿಡದೆ ಬಾಚುತ್ತಿವೆ ಎಂದು ಧಕ್ಕೆಯಲ್ಲಿ ಎಲ್ಲರದೂ ಅದೇ ಮಾತು. ಅಕ್ಕನ ಮಗ ದುಡಿಯುತ್ತಿದ್ದ ಬೋಟಿನ ಬಲೆಯನ್ನು ಅಂಥ ಹಡಗೊಂದು ಎಳೆದುಕೊಂಡೇ ಹೋಯಿತು. ಹಗ್ಗಕ್ಕೆ ಸಿಕ್ಕಿ ಅವನ ಬಲಗೈಯ ನಾಲ್ಕು ಬೆರಳು ಹೋದವು.

"ಬೊಬ್ಬೆ ಹಾಕಿ ಕೈ ಎತ್ತಿ ತೋರಿಸಿದನಂತೆ ಸಾಹೇಬ್ರೇ. ಹಡಗಿನ ಮೇಲೆ ನಿಂತವರು ಮೊಬೈಲಲ್ಲಿ ಫೋಟೊ ತೆಗೆದ್ರಂತೆ," ಎಂದರು ಅಕ್ಕ.

ನಾನು ಅಯ್ಯೋ ಎಂದೆ. ಇನ್ನು ಗಿರಾಕಿಗಳು ನನ್ನ ಕಡೆ ಬರುತ್ತಾರೆ ಎಂದು ಒಳಗೊಳಗೇ ಖುಷಿಪಟ್ಟೆ.

ಬಂದರು ಕೂಡ. ಹೊರದೇಶದ ಐಸ್ ಬೂತಾಯಿಯ ಪೆಟ್ಟಿಗೆಗಳನ್ನು ನಾನು ತರಿಸತೊಡಗಿದ್ದೆ.

"ಇದು ನಮ್ಮ ಕಡಲಿನದ್ದೇ ಇರ್ಬಹುದು ಮಾರಾಯ್ರೆ. ಮೀನಿಗೆ ಪಾಸ್‌ಪೋರ್ಟ್ ಉಂಟಾ?" ಎಂದು ಅದನ್ನು ತಂದುಕೊಡುವ ಏಜೆಂಟ್ ನಕ್ಕ. ನಾನೂ ನಕ್ಕೆ.

ಕೊನೆಗೊಂದು ದಿನ ಅಕ್ಕ ಖಾಲಿ ಬುಟ್ಟಿ ಹಿಡಿದು ನನ್ನ ಮೆಟ್ಟಿಲ ಕೆಳಗೆ ನಿಂತರು. "ನನಗೂ ಒಂದು ಪೆಟ್ಟಿಗೆ ಕೊಡಿ. ಗುರುವಾಯನಕೆರೆಯಲ್ಲಿ ಗುರ್ತದ ಮನೆಗಳುಂಟು, ಅಲ್ಲಿ ಹೋಗಿ ಮಾರ್ತೇನೆ."

ಕರೆಂಟು ಹೋದಾಗ ಎರಡು ಸಲ ಕರಗಿ ಮತ್ತೆ ಗಟ್ಟಿಯಾದ ಪೆಟ್ಟಿಗೆಯೊಂದನ್ನು ಎಸೆಯಲೆಂದು ಮೂಲೆಗಿಟ್ಟಿದ್ದೆ. ಅದನ್ನೇ ಕೊಟ್ಟೆ. ಅಕ್ಕ ಒಂದು ಮೀನಿನ ಕಿವಿರು ಎತ್ತಿ ನೋಡಿದರು. ಅವರಿಗೆ ಗೊತ್ತಾಯಿತು.

"ಬೇರೆ ಇಲ್ವಾ?"

"ಇದೇ ಉಂಟು. ಬೇಕಾದ್ರೆ ಕೊಂಡುಹೋಗಿ."

ಮೀನನ್ನು ಬುಟ್ಟಿಗೆ ಸುರಿದುಕೊಂಡು ಹೋದರು.

ಎರಡು ದಿನ ಕಳೆದು ಗುರುವಾಯನಕೆರೆಯ ಯಜಮಾನರೊಬ್ಬರು ಅಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಅವರ ಮನೆಯಲ್ಲಿ ಮೂವರಿಗೆ ವಾಂತಿಭೇದಿ. "ಇವರು ಮೀನು ತಂದದ್ದು ನಿಮ್ಮಲ್ಲಿಂದ ಅಂತೆ. ಹೌದಾ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ನನ್ನಲ್ಲಿಂದ ಅಲ್ಲ," ಎಂದೆ. "ಎಲ್ಲಿಂದ ಹೆಕ್ಕಿ ತಂದರೋ."

ಯಜಮಾನರು ಬುಟ್ಟಿಯನ್ನು ಜೀಪಿನಿಂದ ರಸ್ತೆಗೆಸೆದು ಕಾಲಿನಿಂದ ತುಳಿದರು. "ಇನ್ನು ನಮ್ಮ ಗೇಟಿನ ಹತ್ತಿರ ಕಂಡರೆ ನಾಯಿ ಬಿಡ್ತೇನೆ," ಎಂದರು. ಅಕ್ಕ ಸೇತುವೆಯ ಕಡೆ ನಡೆದು ಹೋದರು.

ಮತ್ತೆ ಅವರನ್ನು ಕಂಡದ್ದು ಕಳೆದ ಬೇಸಿಗೆಯಲ್ಲಿ, ಧಕ್ಕೆಯಲ್ಲಿ. ಮೀನಿನ ಹುಡಿ ಮಾಡಿ ಹೊರದೇಶಕ್ಕೆ ಕಳಿಸುವ ಫ್ಯಾಕ್ಟರಿಯ ಲಾರಿಗೆ ಬೆರಳುದ್ದದ ಮರಿಮೀನು ಹೊರುತ್ತಿದ್ದರು. ತಲೆಯ ಮೇಲಿನ ಬುಟ್ಟಿಯಿಂದ ಮೀನಿನ ನೀರು ಕುತ್ತಿಗೆಯ ಮೇಲೆ ಸೋರುತ್ತಿತ್ತು.

"ಅಕ್ಕ, ಸೌಖ್ಯವಾ?" ಎಂದು ಕೇಳಿದೆ.

ಗುರುತೇ ಇಲ್ಲದವರ ಹಾಗೆ ನೋಡಿದರು. "ದಾರಿ ಬಿಡಿ," ಎಂದರು.

ಬಿಟ್ಟೆ. ಆ ದಿನ ನನ್ನ ಅಂಗಡಿಗೆ ಬೇಕಾದ ಪೆಟ್ಟಿಗೆಗಳನ್ನು ಹೇರಿಕೊಂಡು ಮಧ್ಯಾಹ್ನದೊಳಗೆ ಪಾಣೆಮಂಗಳೂರಿಗೆ ಬಂದೆ. ವ್ಯಾಪಾರ ಚೆನ್ನಾಗಿಯೇ ಆಯಿತು.