ಸಜ್ಜೆ ಮುಳುಗಿದ ಹಳ್ಳ

ಕಾರು ನಡೆಸುವಾಗ ಪಕ್ಕದಲ್ಲಿ ಕೂತವರು ಮಾತಾಡಿದರೆ ನನಗೆ ಆಗುತ್ತಿರಲಿಲ್ಲ. ಅದನ್ನು ನಾನು ಎಚ್ಚರಿಕೆ ಎನ್ನುತ್ತಿದ್ದೆ. ಮನೆಯವರು ಸಿಟ್ಟು ಎನ್ನುತ್ತಿದ್ದರು, ಆದರೆ ನನ್ನೆದುರಿಗಲ್ಲ. ಮಳೆ ಹಿಡಿದುಕೊಂಡರಂತೂ ಮುಗಿದೇಹೋಯಿತು. ಹೆಂಡತಿ "ನಿಧಾನ ರೀ" ಅಂದರೂ ಸಾಕು, "ಕಾರು ನಡೆಸಾಕತ್ತಿದ್ದು ನಾನೋ ನೀನೋ?" ಎಂದು ಹರಿಹಾಯುತ್ತಿದ್ದೆ.

ನನ್ನೂರು ಮುಕ್ಕುಂದ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದೆ. ಕಾಲುವೆ ನೀರಿನ ನಾಡು ಅದು. ಮಳೆಗಾಲದಲ್ಲಿ ಗದ್ದೆಗಳು ತುಂಬಿ, ನೀರು ಈಚೆ ಮಡಿಯಿಂದ ಆಚೆ ಮಡಿಗೆ ರಸ್ತೆಯ ಮೇಲೇ ದಾಟುತ್ತಿತ್ತು. ನಾವು ಯಾರೂ ಕೆಳಗಿಳಿದು ಆಳ ನೋಡುತ್ತಿರಲಿಲ್ಲ. ರಸ್ತೆ ಬದಿಯ ಭತ್ತ ನೋಡುತ್ತಿದ್ದೆವು. ಪೈರಿನ ತುದಿ ಕಂಡರೆ ಹೋಗಬೇಕು, ಮುಳುಗಿದ್ದರೆ ತಿರುಗಬೇಕು. ಟ್ರ್ಯಾಕ್ಟರ್ ಕಲಿಸುವಾಗ ಅಣ್ಣ ಹೇಳಿಕೊಟ್ಟಿದ್ದು ಇಷ್ಟೇ. ಅದು ಒಮ್ಮೆಯೂ ಸುಳ್ಳಾಗಿರಲಿಲ್ಲ, ಹಾಗಾಗಿ ನನ್ನ ಕಣ್ಣಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಮಗಳಿಗೆ ಆಗ ನಾಲ್ಕು ವರ್ಷ. ಲಿಂಗಸುಗೂರಿಗೆ ಕೊಟ್ಟಿದ್ದ ನಾದಿನಿ ಬಸುರಿ, ಅವಳಿಗೆ ಕುಬುಸ ಮಾಡುವುದಿತ್ತು. ಹಸಿರು ಸೀರೆ, ಬಳೆ, ಒಂದು ಬುಟ್ಟಿ ಕಡುಬು, ಇನ್ನೊಂದು ಬುಟ್ಟಿ ರೊಟ್ಟಿ ಹೇರಿಕೊಂಡು, ಮಳೆ ನಿಲ್ಲಲಿ ಎಂದ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಹೊರಟೆ. ಅವಳ ತವರು ಮಸ್ಕಿಯ ಆಚೆ, ಸಂತೆಕಲ್ಲೂರಿನ ಕಡೆಯದು; ಜೋಳ, ಸಜ್ಜೆ, ತೊಗರಿಯ ಒಣಭೂಮಿ. "ನಿಮ್ಮ ಕಡೆ ಹಳ್ಳದಾಗ ನೀರು ಬಂತಂದ್ರ ಮಂದಿ ನೋಡಾಕ ಹೋಗ್ತಾರಲ್ಲ" ಎಂದು ಅವಳನ್ನು ಕಾಡಿಸುವುದು ನನಗೆ ಒಂದು ಖುಷಿ. ಅವಳು ನಗುತ್ತಿದ್ದಳು. ಆವತ್ತು ನಗಲಿಲ್ಲ.

ಮಸ್ಕಿಯತನಕ ಬರೀ ಹನಿ. ಮಸ್ಕಿ ದಾಟಿದ್ದೇ ತಡ, ಆಕಾಶ ಕಿತ್ತುಕೊಂಡು ಬಿತ್ತು. ಹಳೆಯ ಕಾರಿನ ವೈಪರು ಒಂದು ಸಲ ಒರೆಸಿದರೆ ಎರಡು ಸಲ ನಿಲ್ಲುತ್ತಿತ್ತು. ಒಳಗಿನಿಂದ ಗಾಜಿಗೆ ಉಸಿರು ಕಟ್ಟಿಕೊಂಡಿತು. ಮಟಮಟ ಮಧ್ಯಾಹ್ನ ದೀಪ ಹಾಕಿದರೂ ಎದುರಿಗೆ ನಾಲ್ಕು ಮಾರು ಕಾಣಲೊಲ್ಲದು. ಎದುರಿನಿಂದ ಲಾರಿಯೊಂದು ಬಂದು, ಗಾಜಿನ ತುಂಬ ಕೆಸರು ಎರಚಿ ಹೋಯಿತು. ಹೆದರಿದ್ದೆ, ಈಗ ಹೇಳಲಿಕ್ಕೆ ನಾಚಿಕೆಯಿಲ್ಲ. ನನ್ನ ಹೆದರಿಕೆ ಮಾತ್ರ ಯಾವಾಗಲೂ ಸಿಟ್ಟಾಗಿಯೇ ಹೊರಗೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ಏನೋ ಹಾಡಿಕೊಳ್ಳುತ್ತಿದ್ದಳು. ಹೆಂಡತಿ ಸೆರಗಿನಿಂದ ಗಾಜು ಒರೆಸಲು ಬಂದಳು.

"ಬಾಯಿ ಮುಚ್ಚಿಕೊಂಡು ಸುಮ್ಮನ ಕುಂದ್ರಿ ಇಬ್ರೂ!" ಎಂದು ಗದರಿದೆ.

ಹಾಡು ನಿಂತಿತು. ಹೆಂಡತಿ ಮಗಳನ್ನು ಮುಂದಕ್ಕೆ ಎಳೆದುಕೊಂಡು ಮಡಿಲಲ್ಲಿ ಕೂರಿಸಿಕೊಂಡಳು.

ಮುಂದೆ ಒಂದು ಹಳ್ಳ. ಸೇತುವೆ ಎಂದರೆ ಹೆಸರಿಗೆ. ರಸ್ತೆಯೇ ಹಳ್ಳದೊಳಗೆ ಇಳಿದು ಆಚೆ ಹತ್ತುವ ಕಲ್ಲುಹಾಸು. ಅದರ ಮೇಲೆ ಕೆಂಪು ನೀರು ಹೊರಟಿತ್ತು. ನಿಲ್ಲಿಸಿದೆ. ಗಾಜಿನ ಮಸುಕಿನಲ್ಲಿ ಬದಿಯ ಹೊಲ ನೋಡಿದೆ. ನೀರಿನ ಮೇಲೆ ಒಂದು ಗೇಣು ಹಸಿರು ತುದಿಗಳು ಸಾಲಾಗಿ ಅಲ್ಲಾಡುತ್ತಿದ್ದವು. ಪೈರು ಕಾಣುತ್ತಿದೆ, ಹೋಗಬಹುದು. ಮನಸ್ಸಿಗೆ ಸಮಾಧಾನವಾಯಿತು.

ಫಸ್ಟ್ ಗೇರು ಹಾಕಿದೆ. ಹೆಂಡತಿಯ ಕೈ ಮೇಲೆದ್ದಿದ್ದು ಓರೆಗಣ್ಣಿಗೆ ಕಂಡಿತು. ತಿರುಗಿ ನೋಡಿದೆ, ಅಷ್ಟೇ. ಅವಳು ಕೈ ಇಳಿಸಿ ಮಗಳ ಸುತ್ತ ಹಾಕಿಕೊಂಡಳು. ಕಾರು ಇಳಿಯಿತು.

ಎರಡು ಮಾರು ಹೋಗುವಷ್ಟರಲ್ಲಿ ಬಾಗಿಲ ಸಂದಿಯಿಂದ ನೀರು ಒಳಗೆ ಬಂದು ನನ್ನ ಪಾದ ತೋಯಿಸಿತು. ಸ್ಟೇರಿಂಗು ಹಗುರಾಯಿತು. ಕಾರಿನ ಮೂತಿ ನಾನು ತಿರುಗಿಸದೆಯೇ ಪಕ್ಕಕ್ಕೆ ಸರಿಯಿತು. ಆಗಲೇ ಹಿಂದಿನಿಂದ ಯಾರೋ ಕೂಗಿದರು. ಜಾಲಿಗಿಡದ ಕೆಳಗೆ ಕಂಬಳಿ ಹೊದ್ದು ಕುರಿ ನಿಲ್ಲಿಸಿಕೊಂಡಿದ್ದ ಒಬ್ಬ ಮುದುಕ ಕೋಲು ಬೀಸುತ್ತ ಓಡಿ ಬರುತ್ತಿದ್ದ.

"ಏ ಸಾವ್ಕಾರ್ರ, ಹಿಂದಕ ತಗೀರಿ! ಆಳೆತ್ತರ ಸಜ್ಜಿ ಮುಳುಗ್ಯಾವು, ಕಣ್ಣು ಕಾಣಂಗಿಲ್ಲೇನು?"

ಮತ್ತೆ ನೋಡಿದೆ. ಭತ್ತವಲ್ಲ, ಸಜ್ಜೆ. ನನಗಿಂತ ಎತ್ತರದ ಪೈರು, ತೆನೆಯಷ್ಟೇ ನೀರಿನ ಮೇಲಿತ್ತು. ಕಾಲುವೆ ನಾಡಿನ ಕಣ್ಣು ಅದನ್ನು ಮೊಣಕಾಲೆತ್ತರದ ಭತ್ತ ಎಂದು ಓದಿತ್ತು. ರಿವರ್ಸ್ ಹಾಕಿದೆ. ಆಕ್ಸಿಲೇಟರ್ ಬಿಟ್ಟರೆ ಸೈಲೆನ್ಸರಿಗೆ ನೀರು ನುಗ್ಗಿ ಇಂಜಿನ್ ನಿಲ್ಲುತ್ತದೆ, ಬಿಡಬಾರದು, ಬಿಡಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಒತ್ತಿದೆ. ಹಿಂದಿನ ಗಾಲಿ ಕಲ್ಲಿನ ಮೇಲೆ ಜಾರಿತು, ಸುತ್ತಿತು, ಮತ್ತೆ ಜಾರಿತು. ಮುದುಕ ಬಂಪರ್ ಹಿಡಿದು ಎಳೆಯುತ್ತಿದ್ದ. ಅದರಿಂದ ಏನಾಯಿತೋ ಗೊತ್ತಿಲ್ಲ, ಗಾಲಿ ಕಚ್ಚಿತು. ಕಾರು ದಂಡೆಗೆ ಹತ್ತಿತು.

ಮೂವರೂ ಕೆಳಗಿಳಿದೆವು. ಬದುಕಿದೆವು ಎನ್ನುವ ಬದಲು ನನ್ನ ಬಾಯಿಂದ ಮೊದಲು ಬಂದದ್ದು ಬೈಗುಳವೇ.

"ನಿಂದು ಸಜ್ಜಿ ಬೆಳಿಯೋ ಊರಲ್ಲೇನು? ನಿನಗರ ಕಾಣಲಿಲ್ಲೇನು?"

"ಕಂಡಿತ್ರಿ" ಅಂದಳು.

"ಮತ್ತ ಯಾಕ ಹೇಳಲಿಲ್ಲ?"

ಅವಳು ಮಗಳ ಒದ್ದೆ ತಲೆ ಒರೆಸುತ್ತಿದ್ದಳು. ನನ್ನ ಕಡೆ ನೋಡದೆ, ಎಂದಿನ ದನಿಯಲ್ಲೇ ಹೇಳಿದಳು, "ಬೈತೀರಿ ಅಂತ."

ಮಳೆಯಲ್ಲಿ ನಿಂತುಬಿಟ್ಟೆ. ನೀರಿನ ಆಳ ಅವಳಿಗೆ ಗೊತ್ತಿತ್ತು. ಮಡಿಲಲ್ಲಿ ಮಗು ಇತ್ತು. ಆದರೂ ಅವಳು ಹಳ್ಳಕ್ಕಿಂತ ನನಗೇ ಹೆಚ್ಚು ಹೆದರಿದ್ದಳು. ಮೈಯೆಲ್ಲ ತೋಯ್ದಿದ್ದರೂ ಮುಖ ಸುಟ್ಟಂತಾಯಿತು. ಕ್ಷಮಿಸು ಎನ್ನುವ ಮಾತು ನಮ್ಮಲ್ಲಿ ಗಂಡಂದಿರು ಆಡುವಂಥದ್ದಲ್ಲ, ನಾನೂ ಆಡಲಿಲ್ಲ. ಇವತ್ತಿಗೂ ಅದು ಬಾಕಿಯೇ.

ಮುದುಕ ನೀರಿನಂಚಿಗೆ ಒಂದು ಕಲ್ಲು ಇಟ್ಟು, "ಈ ಕಲ್ಲು ಬಿಟ್ಟು ನೀರು ಇಪ್ಪತ್ತು ಹೆಜ್ಜಿ ಇಳೀಲಿ, ಆಮ್ಯಾಲ ಹೋಗ್ರಿ" ಎಂದ. ಮಳೆ ನಿಂತ ಮೇಲೂ ನೀರು ಏರುತ್ತಲೇ ಇತ್ತು, ಕಲ್ಲು ಮುಳುಗಿ ಮತ್ತೆ ಕಾಣಲು ಬಹಳ ಹೊತ್ತು ಹಿಡಿಯಿತು. ಬುಟ್ಟಿಯ ಕಡುಬು ತೆಗೆದು ಅವನಿಗೆ ಕೊಟ್ಟೆವು. ನಾವೂ ತಿಂದೆವು. ಇಳಿಹೊತ್ತಿಗೆ ಕಲ್ಲುಹಾಸು ಮೇಲೆದ್ದಿತು. ಅವನು ಕೋಲೂರುತ್ತ ಮುಂದೆ ನಡೆದು ದಾರಿ ತೋರಿಸಲು ನಿಂತ.

ಕಾರು ಚಾಲೂ ಮಾಡಿದೆ. ಮಗಳು ಕಿಟಕಿಯಾಚೆ ಬೆರಳು ಮಾಡಿ, "ಅಪ್ಪಾ, ಅಲ್ಲಿ..." ಎಂದಳು. ಹೆಂಡತಿ ತಟ್ಟನೆ ಅವಳ ಬಾಯಿಗೆ ಅಂಗೈ ಮುಚ್ಚಿದಳು.

"ಬಿಡು, ಮಾತಾಡ್ಲಿ" ಎಂದೆ. "ನೀನೂ ಹೇಳು. ಏನರ ಕಂಡ್ರ ಹೇಳು."

"ಹೂಂ ರೀ" ಅಂದಳು.

ಹಳ್ಳ ದಾಟಿದೆವು. ಒದ್ದೆಯಾದ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ಎರಡು ಸಲ ಒತ್ತಿ ನೋಡಿದೆ. ಸ್ವಲ್ಪ ದೂರ ಹೋದ ಮೇಲೆ, "ಮುಂದ ಇನ್ನೊಂದು ಹಳ್ಳ ಐತೇನು?" ಎಂದು ಕೇಳಿದೆ. ಅವಳು ಇದೆ ಎಂದು ತಲೆಯಾಡಿಸಿದಳು. ಅದು ಎಷ್ಟು ದೂರ, ಎಷ್ಟು ಆಳ ಎಂದು ಹೇಳಬಹುದೇನೋ ಎಂದು ಕಿವಿ ತೆರೆದು ಕಾದೆ. ಆ ಹಳ್ಳವನ್ನೂ ದಾಟಿ ಲಿಂಗಸುಗೂರು ಬರುವತನಕ ತಾಯಿ ಮಗಳು ಇಬ್ಬರೂ ಬಾಯಿ ಬಿಡಲಿಲ್ಲ.